ಎರಡಿಂಚು ಒಳಮಡಿಕೆ

ಅಪ್ಪನ ಕೊರಳಲ್ಲಿ ಹಗಲೆಲ್ಲ ಹಳದಿ ಟೇಪು.
ದಾವಣಗೆರೆಯ ಮಂಡಿಪೇಟೆಯಲ್ಲಿ ಯಾರನ್ನು ಕೇಳಿದರೂ
ವಿಠೋಬಣ್ಣನ ಕೈ ಮೆತ್ತಗೆ ಅನ್ನುತ್ತಾರೆ,
ಮಕ್ಕಳ ಅಳತೆ ತೆಗೆವಾಗ ಕಚಗುಳಿ ಕೂಡ ಆಗುವುದಿಲ್ಲ.

ರಾತ್ರಿ ಟೇಪನ್ನು ಅಂಗಡಿಯಲ್ಲೇ ಬಿಟ್ಟು
ಗಜಕಡ್ಡಿ ಹಿಡಿದು ಬರುತ್ತಾನೆ.
ಅದರ ಹಿತ್ತಾಳೆ ತುದಿ ಎಲ್ಲೆಲ್ಲಿ ಬಿದ್ದಿದೆ
ನಾನು ಇಂಚಿನ ಲೆಕ್ಕದಲ್ಲಿ ಹೇಳಬಲ್ಲೆ.
ಅವ್ವ ಹೇಳುವುದಿಲ್ಲ. ಅವ್ವ ಗುಂಡಿ ಹಚ್ಚುತ್ತಾಳೆ
ಹಲ್ಲಿನ ನಡುವೆ ದಾರ ಕಚ್ಚಿಕೊಂಡು.
ಬಾಯಿ ಖಾಲಿ ಇಲ್ಲದವಳನ್ನು ಮಾತಾಡು ಅನ್ನುವವರು ಯಾರು?

ನನಗೆ ಹದಿನಾರು ವರ್ಷ, ಏಳು ತಿಂಗಳು.

ರೂಮು ಮಾಡು, ನಾನೂ ಬರ್ತೀನಿ ಅಂದಳು ಶಾಹೀನಾ
ಮಂಡಕ್ಕಿ ಭಟ್ಟಿಯ ಹಿಂದೆ ಹೊಗೆಗೆ ಕಣ್ಣು ಕಿರಿದು ಮಾಡಿ.
ಕೆ.ಟಿ.ಜೆ. ನಗರದಲ್ಲಿ ಒಬ್ಬಾಕೆ
ಅರ್ಧ ಬಾಗಿಲು ತೆಗೆದು ಆಧಾರ್ ಕೇಳಿದಳು,
ಹುಟ್ಟಿದ ವರ್ಷ ನೋಡಿ ಆ ಅರ್ಧವನ್ನೂ ಮುಚ್ಚಿದಳು.
ಹದಿನೆಂಟರ ಕೆಳಗಿನ ಸಹಿ ಸಹಿಯಲ್ಲವಂತೆ,
ಬರೀ ಕೈಬರಹ.

ಓಡಿಯೂ ನೋಡಿದ್ದೆ ಒಮ್ಮೆ, ಹೊಳಲ್ಕೆರೆಯವರೆಗೆ.
ಬಸ್‌ಸ್ಟ್ಯಾಂಡಿನ ನಲ್ಲಿಯಲ್ಲಿ ಮುಖ ತೊಳೆದು
ಅದೇ ಬಸ್ಸಿನಲ್ಲಿ, ಅದೇ ಕಂಡಕ್ಟರ ಜೊತೆ ವಾಪಸ್ಸು.
ಅವನು ಟಿಕೇಟು ಹರಿಯಲಿಲ್ಲ. ಅದನ್ನು ಮರೆತಿಲ್ಲ.

ಶಾಲೆಯ ಕಾಂಪೌಂಡಿನ ಮೇಲೆ
ನಾಲ್ಕನೇ ಕ್ಲಾಸಿನಿಂದ ನೋಡಿದ ನಂಬರು,
ಮೇಲೆ ಯಾರೋ ಟ್ಯೂಷನ್ ಪೋಸ್ಟರು ಅಂಟಿಸಿದ್ದರು.
ಉಗುರಿನಿಂದ ಕೆರೆದೆ:
ಹತ್ತು
ಒಂಬತ್ತು
ಎಂಟು.
ಅವ್ವನ ಫೋನಿನಲ್ಲಿ ಒತ್ತಿ, ಮನಸ್ಸಲ್ಲೇ ಏಳು ಅನ್ನುವಷ್ಟರಲ್ಲಿ
ಒಂದು ಹೆಂಗಸಿನ ದನಿ: "ಹೇಳಮ್ಮಾ, ಊಟ ಆಯ್ತಾ?"
ಅತ್ತದ್ದು ಅದಕ್ಕೆ. ಗಜಕಡ್ಡಿಗಲ್ಲ.

ಮಕ್ಕಳ ಕಲ್ಯಾಣ ಸಮಿತಿ ಅಂದರೆ
ಕಟಕಟೆ ಇರುತ್ತದೆ ಅಂದುಕೊಂಡಿದ್ದೆ.
ಪ್ಲಾಸ್ಟಿಕ್ ಕುರ್ಚಿ, ಹೋದ ವರ್ಷದ ಕ್ಯಾಲೆಂಡರು, ಮೂರು ಜನ.
ನಡುವೆ ಕೂತಾಕೆ ಕನ್ನಡಕ ಹಣೆಗೇರಿಸಿ
ನಿಧಾನಕ್ಕೆ, ಹೊಸಬರಿಗೆ ದಾರಿ ಹೇಳುವ ಹಾಗೆ:
ಮನೆಗೇ ಹೋಗಬಹುದು, ಅಪ್ಪ ಬರೆದುಕೊಟ್ಟರೆ,
ಆಗಾಗ ಬಂದು ಬಾಗಿಲು ತಟ್ಟುತ್ತೇವೆ.
ಹರಿಹರದ ದೊಡ್ಡಮ್ಮನ ಮನೆಯೂ ಆದೀತು,
ಆಕೆ ತಕ್ಕವಳು ಅಂತ ವಿಚಾರಣೆಯಾಗಿ ಕಾಗದ ಬರಬೇಕು.
ಬರುವತನಕ ಬಾಲಮಂದಿರ.

(ವಿಚಾರಣೆಗೆ ಹೋದವರಿಗೆ ಗೋದಾವರಿ ದೊಡ್ಡಮ್ಮ
ಬೇಡವೆಂದರೂ ಅವಲಕ್ಕಿ ಕೊಡುತ್ತಾಳೆ.
ಅದನ್ನು ಯಾವ ಕಾಲಮಿನಲ್ಲಿ ಬರೆಯುತ್ತಾರೋ.)

"ನಿನಗೇನು ಬೇಕು?"
ಪೆನ್ನು ಕೆಳಗಿಟ್ಟು ಕೇಳಿದರು.
ಹೀಗೆ ಕೇಳಲೇಬೇಕೆಂದು ಕಾನೂನಿನಲ್ಲಿದೆಯಂತೆ.
ನಮ್ಮ ಮನೆಯಲ್ಲಿ ಇರಲಿಲ್ಲ.

ನಾಮು, ಅಂದೆ. ನನ್ನ ತಮ್ಮ. ಒಂಬತ್ತು ವರ್ಷ.
ಇವತ್ತಿನಿಂದ ನನ್ನ ಪಾಲಿನದೂ ಅವನ ಬೆನ್ನಿಗೆ.
"ಅವನ ಹೆಸರೂ ಬರೆಯಲೇ?"
ಬರೆದರೆ ಅವ್ವನಿಗೆ ಯಾರೂ ಉಳಿಯುವುದಿಲ್ಲ.
ಅವ್ವನ ಹಲ್ಲಿನ ದಾರ ನನ್ನ ಹಲ್ಲಿನ ನಡುವೆ ಬಂತು.
ಫ್ಯಾನು ಎಷ್ಟು ಸುತ್ತು ಸುತ್ತಿತೋ ಗೊತ್ತಿಲ್ಲ.
ಕಡಿದೆ.
ಬರೀರಿ ಅಂದೆ.

ಸಂಜೆ ಬಾಲಮಂದಿರದಲ್ಲಿ ಒಂದು ಸೋಪು, ಒಂದು ತಟ್ಟೆ,
ನನಗಿಂತ ಮೊದಲು ಯಾರೋ ತೊಟ್ಟು ಒಗೆದು
ಬಣ್ಣ ಬಿಟ್ಟ ನೀಲಿ ಲಂಗ.
ತಿರುವಿ ನೋಡಿದೆ, ನೋಡಬಾರದಿತ್ತು.
ಮೂಲೆಯಲ್ಲಿ ಮೂರು ಸಲ ಹಿಂದೆಮುಂದೆ ಓಡಿದ ಹೊಲಿಗೆ.
ಇಡೀ ಊರಿನಲ್ಲಿ ಹಾಗೆ ಮುಗಿಸುವವನು ಒಬ್ಬನೇ.
ಯಾವ ವರ್ಷದ ಟೆಂಡರೋ.

ಬೆಳೆಯೋ ಮಕ್ಕಳು ಕಣೇ, ಅನ್ನುತ್ತಿದ್ದ ಕಾಜಾ ಹಾಕುತ್ತಾ,
ಎರಡಿಂಚು ಒಳಗೆ ಬಿಟ್ಟಿರಬೇಕು.

ಹದಿನೆಂಟಕ್ಕೆ ಇನ್ನು ಹದಿನೇಳು ತಿಂಗಳು.
ಲಂಗ ಮೊಣಕಾಲಿಗೆ ಗಿಡ್ಡ.
ಪಕ್ಕದ ಮಂಚದ ಹುಡುಗಿ ಹೆಸರು ಕೇಳದೆ
ತಲೆಯ ಪಿನ್ನು ಕೊಟ್ಟಳು.
ಒಂದೊಂದೇ ಟಾಕು ಬಿಚ್ಚುತ್ತಾ ಹೋದೆ,
ಬೈಯಬೇಕೋ ಬೇಡವೋ ತಿಳಿಯದೆ.
ಮಡಿಕೆಯ ಒಳಗೆ ನೀಲಿ
ಇನ್ನೂ ಹೊಸದಾಗಿಯೇ ಇತ್ತು.